ಮನೆಯೊಳಗಣ ಜೇಡ



ಹಬ್ಬವು ಸಮೀಪಿಸಿತೆಂದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಲ್ಲಿ ಜಂತಿ-ತೊಲೆಗಳ ಬಲೆ ತೆಗೆಯುವ ಕೆಲಸವು ಮೊದಲಾಗುವದು. ಆಗ ಕಸಬರಿಗೆಗೆ ಜೇಡವೊಂದು ಎದುರಾದರೆ ಏನು ಮಾಡತಕ್ಕದ್ದು? ಪ್ರಾಣಿಮಾತ್ರದಲ್ಲಿ ಕರುಣೆ ಬೇಕೆಂದು ಬಸವಣ್ಣನವರು ಬೋಧಿಸಿದುದು ಮಠದಲ್ಲಿ ಕೇಳಿ ಮರೆಯುವದಕ್ಕಲ್ಲ. ಕಸಬರಿಗೆ ಹಿಡಿದ ಕೈಯಲ್ಲಿ ತೋರುವದಕ್ಕೆ.

ಜೇಡನೆಂದರೆ ಹಿಂದಿನ ಕನ್ನಡದಲ್ಲಿ ನೇಕಾರನು. ಜೇಡರ ದಾಸಿಮಯ್ಯನವರಿಗೆ ಆ ಹೆಸರು ಮಗ್ಗದ ಕಾಯಕದಿಂದಲೇ ಬಂದಿತು. ಬೆಟಗೇರಿಯ ಮಗ್ಗಗಳಿಗೆ ನೂಲು ಹೊರಗಿನಿಂದ ಬರಬೇಕು. ಈ ಪುಟ್ಟ ನೇಕಾರನಾದರೋ ತನ್ನ ಒಡಲಿನಿಂದಲೇ ನೂಲು ತೆಗೆಯುವನು. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ಲಿಂಗದ ಮೇಲೆ ಬಲೆ ನೇಯ್ದು ಪೂಜಿಸಿದ ಜೇಡಕ್ಕೂ ಮುಕ್ತಿಯು ದೊರೆಯಿತೆಂಬ ಕಥೆಯುಂಟು.

ಜೇಡವು ನೊಣ-ಸೊಳ್ಳೆಗಳನ್ನು ಹಿಡಿಯುವದು. ಬಲೆ ನೇಯದೆ ಗೋಡೆಯ ಮೇಲೆ ಓಡಾಡುವ ದೊಡ್ಡ ಜೇಡವು ಜಿರಲೆಗಳನ್ನು ಬೇಟೆಯಾಡುವದು. ಮನೆಯ ಜೇಡಗಳಲ್ಲಿ ಹೆಚ್ಚಿನವು ಮನುಷ್ಯನಿಗೆ ಅಪಾಯಕರವಲ್ಲ. ಅದೂ ಜೀವಹಿಂಸೆ ಮಾಡುವದಲ್ಲವೇ ಎಂದು ಕೆಲವರು ಕೇಳುವರು. ಅದು ಹಸಿವೆಗಾಗಿ ಹಿಡಿಯುವದು; ಮನುಷ್ಯನು ಬರಿಯ ಹೇಸಿಗೆಗಾಗಿ ಹೊಸಕುವನು.

ಆದುದರಿಂದ ಧೂಳು ಹಿಡಿದ ಹಳೆಯ ಬಲೆಯನ್ನು ಅವಶ್ಯವಾಗಿ ತೆಗೆಯಿರಿ, ಶುಚಿತ್ವವೂ ಧರ್ಮವೇ. ಮೂಲೆಯಲ್ಲಿ ಅಡಗಿದ ಜೇಡವು ಅಲ್ಲಿಯೇ ಇರಲಿ. ತೊಟ್ಟಿಲ ಬಳಿಗೋ ಅಡಿಗೆಮನೆಗೋ ಬಂದರೆ, ಬರಿಗೈಯಿಂದ ಮುಟ್ಟದೆ, ಮೇಲೆ ಬಟ್ಟಲನ್ನು ಬೋರಲು ಹಾಕಿ, ಕೆಳಗೆ ದಪ್ಪ ಕಾಗದವನ್ನು ಮೆಲ್ಲನೆ ಸರಿಸಿ, ಹಿತ್ತಲ ಗೋಡೆಯ ಸಂದಿಯಲ್ಲಿ ಬಿಟ್ಟುಬರತಕ್ಕದ್ದು.

ಬಲೆಯನ್ನು ಗುಡಿಸಿ ನೇಕಾರನನ್ನು ಉಳಿಸಿದ ಮನೆಯಲ್ಲಿ ಶುಚಿಯೂ ಕರುಣೆಯೂ ಕೂಡಿಯೇ ಇರುವವು.