ಕಟ್ಟುವ ಮೊದಲೇ ಕರೆಂಟಿನ ಲೆಕ್ಕ
(ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮಾಡಿದ ಭಾಷಣ)



ಹೊಸ ಹಾಸ್ಟೆಲಿನ ನಕ್ಷೆ ಸಿದ್ಧವಾಗಿದೆ ಎಂದು ಕಾರ್ಯದರ್ಶಿಯವರು ಈಗಷ್ಟೇ ತಿಳಿಸಿದರು. ಅಲ್‌ಹಮ್ದುಲಿಲ್ಲಾಹ್. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ. ಆದರೆ ತಿಂಗಳ ಕರೆಂಟ್ ಬಿಲ್ಲಿಗೆ ಹೆಸರಿನ ಫಲಕ ಹಾಕಿಸುವವರಿಲ್ಲ! ಅದು ಹೋಗುವುದು ವಿದ್ಯಾರ್ಥಿವೇತನದ ಹಣ ಇರುವ ಅದೇ ಖಾತೆಯಿಂದ.

ಫ್ಯಾನಿನ ಲೆಕ್ಕವನ್ನೇ ನೋಡೋಣ. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಪೂರ್ಣ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಮೋಟಾರಿನದು ಸುಮಾರು 30 ವ್ಯಾಟ್. ನೂರು ಫ್ಯಾನ್, ದಿನಕ್ಕೆ 12 ಗಂಟೆ, ವರ್ಷಕ್ಕೆ 250 ದಿನ ಎಂದು ಹಿಡಿಯಿರಿ: ಒಂದರಲ್ಲಿ 22,500 ಯೂನಿಟ್, ಇನ್ನೊಂದರಲ್ಲಿ 9,000. ಯೂನಿಟ್ಟಿಗೆ ಎಂಟು ರೂಪಾಯಿ ಎಂದುಕೊಂಡರೆ ಉಳಿತಾಯ 1,08,000 ರೂಪಾಯಿ. ಫ್ಯಾನಿಗೆ ಮೂರು ಸಾವಿರ ಕೊಟ್ಟರೂ ಮೂರು ವರ್ಷದೊಳಗೆ ಹಾಕಿದ ಹಣ ಹಿಂದೆ ಬರುತ್ತದೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಬದಲು ಎಲ್‌ಇಡಿ ಹಾಕುವ ಮಾತು ನಿಮಗೆ ಗೊತ್ತಿರುವುದೇ.

ದೊಡ್ಡ ಕಟ್ಟಡಗಳಿಗಾಗಿ ಕೇಂದ್ರ ಸರಕಾರ 2007ರಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ತಂದಿತು. ಅದು ಗೋಡೆ, ಛಾವಣಿ, ಕಿಟಕಿಗಳಿಗೂ ಅಳತೆ ಹಾಕುತ್ತದೆ, ಬರೀ ಯಂತ್ರಗಳಿಗಲ್ಲ. ನಮ್ಮ ನಕ್ಷೆಯಲ್ಲಿ ಪಶ್ಚಿಮಕ್ಕೆ ಪೂರ್ತಿ ಗಾಜು ಇದೆ. ನೋಡಲು ಚಂದ, ನಿಜ. ಸಂಜೆ ಮಕ್ಕಳು ಓದಲು ಕೂರುವ ಹೊತ್ತಿಗೆ ಆ ಕೋಣೆಗಳು ಒಲೆಯಂತಾಗುತ್ತವೆ, ಆಮೇಲೆ ಎ.ಸಿ. ಬೇಕು ಎನ್ನುತ್ತೇವೆ. ಗಾಜು ಕಡಿಮೆ ಮಾಡಿ, ಕಿಟಕಿಗೆ ಸಜ್ಜಾ ಕೊಡಿ, ತಾರಸಿಗೆ ಬಿಳಿ ಬಣ್ಣ ಬಳಿಯಿರಿ. ಸ್ನಾನದ ಬಿಸಿನೀರಿಗೆ ಸೋಲಾರ್ ಇಡುವುದಾದರೆ ಪೈಪು ಈಗಲೇ ಹಾಕಬೇಕು, ಪ್ಲಾಸ್ಟರ್ ಆದ ಮೇಲಲ್ಲ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಭಾಂಗಣದ ವೈರಿಂಗ್ ಮಾಡಿಸಿದ್ದೆ. ವೈರು ಉಳಿಸಲೆಂದು ಎಂಟೆಂಟು ಫ್ಯಾನಿಗೆ ಒಂದೊಂದೇ ಸ್ವಿಚ್ ಕೊಟ್ಟೆ. ಹತ್ತು ಮಂದಿ ಮೂಲೆಯಲ್ಲಿ ಕುಳಿತರೂ ಎಂಟು ತಿರುಗಬೇಕು. ಇಂದಿಗೂ ತಿರುಗುತ್ತಿವೆ. ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಪ್ರವಾದಿಯವರು(ಸ) ಕಲಿಸಿದ ಸಮುದಾಯ ನಮ್ಮದು. ಆ ಸ್ವಿಚ್ ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ನಕ್ಷೆ ಇನ್ನೂ ಕಾಗದದ ಮೇಲಿದೆ; ತಿದ್ದಲು ರಬ್ಬರ್ ಸಾಕು. ಕಟ್ಟಡ ಸಮಿತಿಯವರು ಕರೆದರೆ ಬಂದು ಕೂರುತ್ತೇನೆ. ಹಳೆಯ ಹಾಸ್ಟೆಲಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮಾತ್ರ ತೆಗೆದಿಟ್ಟಿರಿ.