ಹಿರಿಯರ ಸೂರಿಗೆ ಇಂದೇ ನೆಲ ಕಾಯ್ದಿರಿಸೋಣ

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರೇ,

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಪಟ್ಟಣಗಳು ಸುತ್ತಲಿನ ಹೊಲಗಳತ್ತ ಬೆಳೆಯುತ್ತಿವೆ. ಮಕ್ಕಳು ಮಹಾರಾಷ್ಟ್ರ, ಗೋವೆಗಳಿಗೆ ಗುಳೆ ಹೋದಾಗ ಹಿರಿಯರು ಊರಿನಲ್ಲಿಯೇ ಉಳಿಯುತ್ತಾರೆ. 2007ರ ಹಿರಿಯ ನಾಗರಿಕರ ಅಧಿನಿಯಮವು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಆಶ್ರಯಧಾಮ ತೆರೆಯಲು ಅವಕಾಶ ಕಲ್ಪಿಸಿದೆ. ಆದರೆ ಹಲವರು ಬಯಸುವುದು ತಮ್ಮೂರಿನಲ್ಲಿಯೇ ಒಂದು ಸೂರನ್ನು.

ಬಸವ ವಸತಿ ಯೋಜನೆಯ ಫಲಾನುಭವಿಗಳನ್ನು ಆಯ್ಕೆ ಮಾಡುವುದು ಗ್ರಾಮಸಭೆ. ನಿವೇಶನವಿಲ್ಲದ, ಸಭೆಗೆ ನಡೆದು ಬರಲಾಗದ ವೃದ್ಧೆಯ ಹೆಸರು ಪಟ್ಟಿಯಿಂದ ಸುಲಭವಾಗಿ ಬಿಟ್ಟುಹೋಗುತ್ತದೆ. ಆದುದರಿಂದ ಸಭೆಗೆ ಮುನ್ನ ತಾವೇ ಆಕೆಯ ಮನೆಬಾಗಿಲಿಗೆ ಹೋಗಬೇಕು. ನೆಲದ ಬೆಲೆ ಕೈಮೀರುವ ಮೊದಲೇ ಆಸ್ಪತ್ರೆ, ನೀರು, ಬಸ್ಸಿನ ಸೌಕರ್ಯಕ್ಕೆ ಸಮೀಪವಾದ ನಿವೇಶನಗಳನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಹಿರಿಯರಿಗಾಗಿ ಗುರುತಿಸಬೇಕೆಂದು ವಿನಂತಿಸುತ್ತೇನೆ.