'ಸೇವೆ' ಅನ್ನಬೇಡಿ, ಮಾಡಿದ್ದನ್ನು ಹೇಳಿ!

(ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಭಾನುವಾರದ ನಿದ್ದೆ ಬಿಟ್ಟು ಬಡಾವಣೆಯ ಜನರಿಗೆ ಅರ್ಜಿ ಬರೆದುಕೊಡುವವರು ನೀವು. ಹೊರರಾಜ್ಯದಿಂದ ಬಂದವರಿಗೆ ಕನ್ನಡ ಕಲಿಸುವವರು ನೀವು. ಆದರೆ ಕೆಲಸದ ಸಂದರ್ಶನದಲ್ಲಿ "ಬಿಡುವಿನಲ್ಲಿ ಏನು ಮಾಡ್ತೀರಿ?" ಎಂದರೆ ನಿಮ್ಮ ಬಾಯಿಗೆ ಬರುವುದು ಎರಡೇ ಪದ: "ಸಮಾಜ ಸೇವೆ". "ಅಂದರೆ ಏನು?" ಎಂದರೆ ತಡವರಿಸುತ್ತೀರಿ! ತಪ್ಪು ನಿಮ್ಮದಲ್ಲ. ಬೀದಿಬೀದಿಯ ಫ್ಲೆಕ್ಸಿನಲ್ಲಿ ಹಲ್ಲುಕಿರಿಯುವ ಪುಢಾರಿಗಳೆಲ್ಲ 'ಸಮಾಜ ಸೇವಕ'ರೇ. ಆ ಪದ ಸವೆದುಹೋಗಿದೆ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಗಾರ್ಮೆಂಟ್ಸಿಗೆ ಹೋಗುವ ಅಕ್ಕ ಒಬ್ಬರಿಗೆ ವಿಧವಾ ವೇತನದ ಅರ್ಜಿ ಬರೆದುಕೊಟ್ಟೆ. ಸಂಘದ ವರದಿಯಲ್ಲಿ "ಬಡ ವಿಧವೆಗೆ ನೆರವು" ಎಂದು ಫೋಟೋ ಸಮೇತ ಹಾಕಿದೆ. ಅದನ್ನು ನೋಡಿ ಆಕೆ ಕೇಳಿದರು: "ಅಲ್ಲಾ ತಮ್ಮಾ, ಅರ್ಧ ದಿನದ ಸಂಬಳ ಬಿಟ್ಟು ಮೂರು ಸಲ ನಾಡಕಚೇರಿಗೆ ಅಲೆದವಳು ನಾನು. ನೀನು ಬರೆದೆ, ಅಷ್ಟೇ. ಭಿಕ್ಷೆ ಬೇಡೋಳ ಥರ ಯಾಕೆ ಹಾಕ್ದೆ?"

ನನ್ನ ಬಾಯಿ ಕಟ್ಟಿತು. ಆಕೆ ಪಡೆದದ್ದು ಹಕ್ಕು. ನಾನು ಅದನ್ನು ಉಪಕಾರ ಮಾಡಿಬಿಟ್ಟಿದ್ದೆ!

2011ರ ಸಕಾಲ ಕಾಯ್ದೆಯನ್ನೇ ನೋಡಿ. ಪಟ್ಟಿಯಲ್ಲಿರುವ ಸೇವೆ ಗಡುವಿನೊಳಗೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ, ಅರ್ಜಿದಾರರು ಪರಿಹಾರ ಕೇಳಬಹುದು. ಬ್ಯಾಂಕಿನ ನಮೂನೆಗಳು ಹಿಂದಿ, ಇಂಗ್ಲಿಷ್ ಜೊತೆಗೆ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಹಾಗಿರುವಾಗ ಕನ್ನಡದ ಚಲನ್ ಕೇಳಿ ಕೊಡಿಸಿದ್ದು ದಾನವೇ? ಇಲ್ಲ. ಕೊಡಬೇಕಾದವರಿಂದ ಕೊಡಿಸಿದ್ದು.

ಆದ್ದರಿಂದ ಮೊದಲು ಕ್ರಿಯಾಪದ ಹುಡುಕಿ. ಬರೆದುಕೊಟ್ಟೆ. ಓದಿ ಹೇಳಿದೆ. ಜೊತೆಗೆ ಹೋದೆ. ಕಲಿಸಿದೆ. ಆಮೇಲೆ ಎಲ್ಲಿ, ಎಷ್ಟು ದಿನ, ಎಷ್ಟು ಜನರಿಗೆ ಎಂದು ಸೇರಿಸಿ. "ಪ್ರತಿ ಭಾನುವಾರ ನಮ್ಮ ಬಡಾವಣೆಯಲ್ಲಿ ಪಿಂಚಣಿ ಅರ್ಜಿ ಬರೆದುಕೊಡುತ್ತೇನೆ, ತಿರಸ್ಕಾರವಾದರೆ ಮೇಲ್ಮನವಿಯನ್ನೂ ಬರೆಯುತ್ತೇನೆ" ಎಂದು ನೋಡಿ, ಎದುರಿಗೆ ಕೂತವರು ಕಿವಿಗೊಡುತ್ತಾರೆ. ಲೆಕ್ಕ ಇದ್ದಷ್ಟೇ ಹೇಳಿ. ಹತ್ತನ್ನು ನೂರು ಮಾಡಬೇಡಿ. ಕೊನೆಗೆ ಒಂದು ಪರೀಕ್ಷೆ: ನೀವು ಯಾರ ಬಗ್ಗೆ ಬರೆದಿದ್ದೀರೋ ಅವರ ಮುಂದೆ ಅದನ್ನು ಗಟ್ಟಿಯಾಗಿ ಓದಿ. ಅವರು ತಲೆ ತಗ್ಗಿಸಿದರೆ ಹರಿದುಹಾಕಿ, ಮತ್ತೆ ಬರೆಯಿರಿ.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎನ್ನುವ ಪದ್ಧತಿ ಇದೆ. ಇಂದು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಲ್ಲಿ ಕೊಟ್ಟವನು ಮೇಲಲ್ಲ, ಪಡೆದವನು ಕೀಳಲ್ಲ. ಪೇಟೆಗೆ ಬಂದ ನಾವು ಆ ಪದವನ್ನು ಊರಲ್ಲೇ ಬಿಟ್ಟು ಬಂದೆವು.

ಆ ಅಕ್ಕ ಈಗ ತನ್ನ ಬೀದಿಯ ಇತರ ಹೆಂಗಸರನ್ನು ನಾಡಕಚೇರಿಗೆ ಕರೆದುಕೊಂಡು ಹೋಗುತ್ತಾರೆ. ಏನು ಮಾಡ್ತೀರಿ ಅಂತ ಕೇಳಿ ನೋಡಿ. "ದಾರಿ ತೋರಿಸ್ತೀನಿ" ಅನ್ನುತ್ತಾರೆ.

ಎರಡೇ ಪದ, ಗೆಳೆಯರೇ!